ಹಕ್ಕಲು ಯಾರದು?

ಹೋದ ಆಗಸ್ಟಿನ ಒಂದು ಸಂಜೆ, ಆಫೀಸಿನಲ್ಲಿ ಬಹಳಷ್ಟು ಜನ ಹೊರಟು ಹೋದ ಮೇಲೆ, ಹೌಸ್‌ಕೀಪಿಂಗ್ ಅಕ್ಕ ನನ್ನ ಡೆಸ್ಕಿನ ಕೆಳಗಿದ್ದ ಕಸದ ಬುಟ್ಟಿ ಖಾಲಿ ಮಾಡ್ತಾ ಕೇಳಿದರು: “ಅಕ್ಕಾರ, ಈಗ ಕ್ಯಾಂಟೀನದಾಗ ಚಪಾತಿ ಉಳಿಯೂದ ಇಲ್ಲೇನ್ರಿ?”

ಅವರು ಗದಗ ಕಡೆಯವರು. ನಾನು ನವಲಗುಂದದ ಕಡೆಯವಳು ಅಂತ ಗೊತ್ತಾದ ದಿನದಿಂದ ‘ಮೇಡಂ’ ಬಿಟ್ಟು ‘ಅಕ್ಕಾರ’ ಅಂತಲೇ ಮಾತಾಡಿಸ್ತಾರೆ, ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರಾದರೂ.

“ಇಲ್ರೀ, ಯಾಕ?” ಅಂದೆ.

“ಏನಿಲ್ರಿ, ಹಂಗ ಕೇಳಿದೆ.”

ನಮ್ಮ ಕಡೆಯವರು ‘ಹಂಗ ಕೇಳಿದೆ’ ಅಂದರೆ ಅದು ಸುಮ್ಮನೆ ಕೇಳಿದ್ದಲ್ಲ ಅಂತ ನನಗೆ ಗೊತ್ತಿರಬೇಕಿತ್ತು. ಬೆಂಗಳೂರಿಗೆ ಬಂದು ಒಂಬತ್ತು ವರ್ಷ ಆಯ್ತು, ಕಿವಿ ಸ್ವಲ್ಪ ಮಂದ ಆಗಿದೆ.

ಚಪಾತಿ ಉಳಿಯದ ಹಾಗೆ ಮಾಡಿದ್ದು ನಾನೇ. ನನ್ನ ಕೆಲಸ ಡೇಟಾ ಅನಾಲಿಟಿಕ್ಸ್. ವರ್ಷದ ಮೊದಲಲ್ಲಿ ಕ್ಯಾಂಟೀನಿನ ಊಟ ಸಿಕ್ಕಾಪಟ್ಟೆ ಮಿಕ್ಕುತ್ತೆ ಅನ್ನೋ ದೂರು ಬಂದಾಗ ನಮ್ಮ ತಂಡಕ್ಕೆ ಅದನ್ನ ಒಪ್ಪಿಸಿದ್ರು. ಐಡಿ ಕಾರ್ಡ್ ಸ್ವೈಪ್, ರಜೆ ಕ್ಯಾಲೆಂಡರ್, ವಾರದ ದಿನ, ಮಳೆ, ಮ್ಯಾಚ್ ಇದೆಯೋ ಇಲ್ಲವೋ, ಎಲ್ಲ ಸೇರಿಸಿ ಮಧ್ಯಾಹ್ನ ಎಷ್ಟು ಜನ ಉಣ್ಣುತ್ತಾರೆ ಅಂತ ಬೆಳಿಗ್ಗೆ ಏಳಕ್ಕೇ ಹೇಳುವ ಒಂದು ಮಾಡೆಲ್ ಮಾಡಿದೆ. ದಿನಕ್ಕೆ 42 ಕೆಜಿ ಮಿಕ್ಕುತ್ತಿದ್ದ ಊಟ ಮೂರು ತಿಂಗಳಲ್ಲಿ 7 ಕೆಜಿಗೆ ಇಳೀತು. ಟೌನ್‌ಹಾಲ್ ಮೀಟಿಂಗಿನಲ್ಲಿ ಚಪ್ಪಾಳೆ, ಒಂದು ಸರ್ಟಿಫಿಕೇಟು, ಒಂದು ಮನಿ ಪ್ಲಾಂಟು. ಲಿಂಕ್ಡ್‌ಇನ್‌ನಲ್ಲಿ ನಾನೂ ಒಂದು ಪೋಸ್ಟ್ ಹಾಕಿದ್ದೆ, ಸುಳ್ಳು ಯಾಕೆ ಹೇಳಲಿ.

ಅಕ್ಕ ಕೇಳಿದ ಎರಡು ದಿನಕ್ಕೆ ಕ್ಯಾಂಟೀನ್ ಹುಡುಗನೊಬ್ಬನನ್ನ ವಿಚಾರಿಸಿದೆ. ಮೂರೂವರೆಗೆ ಕೌಂಟರ್ ಮುಚ್ಚಿದ ಮೇಲೆ ಉಳಿದ ಚಪಾತಿ, ಪಲ್ಯ ಎಲ್ಲಾ ಫಾಯಿಲ್‌ನಲ್ಲಿ ಸುತ್ತಿ ಹಿಂದಿನ ಮೆಟ್ಟಿಲ ಹತ್ತಿರ ಇಡ್ತಿದ್ದರಂತೆ. ಸೆಕೆಂಡ್ ಶಿಫ್ಟಿನ ಹೌಸ್‌ಕೀಪಿಂಗ್, ಸೆಕ್ಯುರಿಟಿ ಸೇರಿ 38 ಜನ. ಕೆಲವರು ಅಲ್ಲೇ ತಿಂತಿದ್ದರು, ಕೆಲವರು ಮನೆಗೆ ಒಯ್ತಿದ್ದರು. ಯಾರೂ ಇದನ್ನ ಎಲ್ಲೂ ಬರೆದಿಟ್ಟಿರಲಿಲ್ಲ. ನನ್ನ ಶೀಟಿನಲ್ಲಿ ಆ ಚಪಾತಿಗಳು ಕೂತಿದ್ದ ಕಾಲಮ್ಮಿನ ಹೆಸರು ‘ವೇಸ್ಟ್’.

ನಮ್ಮೂರ ಹೊಲದಲ್ಲಿ ಇದಕ್ಕೆ ಬೇರೆ ಹೆಸರಿದೆ. ಹಕ್ಕಲು.

ಹಕ್ಕಲು ಅಂದರೆ ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಬಿದ್ದು ಉಳಿದ ತೆನೆ, ಕಾಳು. ಅದನ್ನ ಆರಿಸಿಕೊಂಡು ಹೋಗುವುದು ಹಕ್ಕಲಾಯುವುದು. ಪಟ್ಟಣದಲ್ಲೇ ಬೆಳೆದವರಿಗೆ ಪದ ಹೊಸದಿರಬಹುದು, ಚಿತ್ರ ಹೊಸದಲ್ಲ. ಫ್ರಾನ್ಸಿನ ಮಿಲೆ 1857ರಲ್ಲಿ ಬರೆದ ಪೇಂಟಿಂಗ್ ಒಂದಿದೆ, ಮೂವರು ಹೆಂಗಸರು ಕೊಯ್ದ ಗೋಧಿ ಹೊಲದಲ್ಲಿ ಸೊಂಟ ಬಗ್ಗಿಸಿ ತೆನೆ ಆರಿಸ್ತಿದ್ದಾರೆ, ಹಿಂದೆ ದೂರದಲ್ಲಿ ಮಾಲೀಕರ ದೊಡ್ಡ ದೊಡ್ಡ ಬಣವೆಗಳು. ಎಲ್ಲೋ ಒಂದು ಕ್ಯಾಲೆಂಡರಿನಲ್ಲೋ ಹೋಟೆಲ್ ಗೋಡೆ ಮೇಲೋ ನೋಡಿರ್ತೀರಿ.

ನಮ್ಮದು ಆರು ಎಕರೆ ಎರೆ ಹೊಲ. ಹಿಂಗಾರಿ ಮಳೆ ನೋಡಿಕೊಂಡು ಅಕ್ಟೋಬರಿನಲ್ಲಿ ಬಿತ್ತನೆ. ಬಿಳಿಜೋಳ, ಕಡಲೆ, ಗೋಧಿ, ನಡುನಡುವೆ ಕುಸುಬಿ ಅಕ್ಕಡಿ. ನೀರಾವರಿ ಇಲ್ಲ. ಬಿತ್ತಿದ ಮೇಲೆ ಒಂದು ಹನಿ ಬೀಳದಿದ್ದರೂ ಎರೆ ಮಣ್ಣು ಹಿಡಿದಿಟ್ಟ ಹಸಿ, ಚಳಿಗಾಲದ ಇಬ್ಬನಿ, ಇವೆರಡರ ಮೇಲೇ ಗೋಧಿ ನಿಲ್ಲುತ್ತೆ. ಇಳುವರಿಯೂ ಹಾಗೇ, ಅಷ್ಟಕ್ಕಷ್ಟೇ. ಈ ದೇಶ ವರ್ಷಕ್ಕೆ 11 ಕೋಟಿ ಟನ್‌ಗಿಂತ ಹೆಚ್ಚು ಗೋಧಿ ಬೆಳೆಯುತ್ತೆ, ಪಂಜಾಬಿನ ರೈತ ನೀರು ಕಟ್ಟಿ ಹೆಕ್ಟೇರಿಗೆ 5 ಟನ್ ಹತ್ತಿರ ತೆಗೀತಾನೆ. ನಮ್ಮ ಒಣ ಎರೆಯಲ್ಲಿ ಹೆಕ್ಟೇರಿಗೆ ಒಂದು ಟನ್ ದಾಟಿದರೆ ಅಪ್ಪ ಫೋನ್ ಮಾಡಿ ಹೇಳ್ತಾನೆ. ಗೋಧಿ ನಮ್ಮ ಕಡೆ ಮೊದಲು ದಿನದ ಊಟವೂ ಆಗಿರಲಿಲ್ಲ. ದಿನಕ್ಕೆ ಜೋಳದ ರೊಟ್ಟಿ. ಗೋಧಿ ಅಂದರೆ ಹಬ್ಬದ ಹುಗ್ಗಿ, ಜಾತ್ರೆಯ ಮಾದಲಿ, ಬೇಸಿಗೆಯ ಶಾವಿಗೆ, ಅಳಿಯ ಬಂದಾಗ ಚಪಾತಿ. ಹುಗ್ಗಿಗೆ ಅಂತ ಆಯಿ ಒಂದು ಪಟ್ಟಿ ಸದಕ ಗೋಧಿ ಬೇರೆಯೇ ಬಿತ್ತಿಸ್ತಿದ್ದಳು. ಬೆಂಗಳೂರಿನ ಆರ್ಗ್ಯಾನಿಕ್ ಅಂಗಡಿಗಳಲ್ಲಿ ಈಗ ‘ಖಪ್ಲಿ’ ಅಂತ ನೀವು ಕೊಳ್ಳುವುದು ಅದನ್ನೇ. ಅದರ ಸಿಪ್ಪೆ ಒಕ್ಕಣೆಯಲ್ಲಿ ಬಿಡುವುದಿಲ್ಲ, ಒರಳಿಗೆ ಹಾಕಿ ಕುಟ್ಟಬೇಕು. ಆ ಕುಟ್ಟುವ ಕೆಲಸದ ಬೆಲೆಯೂ ಆ ಪ್ಯಾಕೆಟ್ಟಿನಲ್ಲಿ ಸೇರಿದೆಯೋ ಏನೋ, ಇರ್ಲಿ.

ಫೆಬ್ರುವರಿಯಲ್ಲಿ ಕೊಯ್ಲು. ನಸುಕಿನಲ್ಲೇ ಹೋಗಬೇಕು. ಬಿಸಿಲೇರಿದರೆ ಒಣಗಿದ ತೆನೆ ಕುಡಗೋಲು ತಾಕಿದ ಪೆಟ್ಟಿಗೇ ಮುರಿದು ಬೀಳುತ್ತೆ. ಇಬ್ಬನಿಯ ತಂಪಿದ್ದಾಗ ಕೊಯ್ದರೆ ಗಟ್ಟಿ ನಿಲ್ಲುತ್ತೆ. ಹೆಣ್ಣಾಳು ಸಾಲು ಹಿಡಿದು ಕೊಯ್ತಾ ಹೋಗುವುದು, ಹಿಂದಿನವರು ಸಿವುಡು ಕಟ್ಟುವುದು, ಚಕ್ಕಡಿಯಲ್ಲಿ ಕಣಕ್ಕೆ ಹೇರುವುದು. ನಾನು ಹುಡುಗಿಯಿದ್ದಾಗ ಕಣದಲ್ಲಿ ಹಂತಿ ಕಟ್ಟಿ ಎತ್ತು ತುಳಿಸುವುದನ್ನೂ ನೋಡಿದ್ದೇನೆ. ಆಮೇಲೆ ಟ್ರ್ಯಾಕ್ಟರ್ ಬಂತು, ಆಮೇಲೆ ಒಕ್ಕುವ ಮಷಿನ್.

ಎಷ್ಟೇ ನಸುಕಿನಲ್ಲಿ ಕೊಯ್ದರೂ ಒಂದಿಷ್ಟು ತೆನೆ ಬೀಳ್ತಾವೆ. ಸಾಲಿನ ನಡುವೆ, ಸಿವುಡಿನಿಂದ ಜಾರಿ, ಚಕ್ಕಡಿಯ ದಾರಿಯಲ್ಲಿ. ಇಲ್ಲಿ ಆಯಿಯ ಕಾಯಿದೆ ಇತ್ತು. ಕೊಯ್ಯುವ ಆಳು ಬಿದ್ದ ತೆನೆಗೆ ತಿರುಗಿ ಬರಬಾರದು. ನಾನೊಮ್ಮೆ, ಎಂಟೋ ಒಂಬತ್ತೋ ವರ್ಷ ಇದ್ದೆ, ಬಿದ್ದ ತೆನೆ ಎಲ್ಲಾ ಆರಿಸಿ ಉಡಿ ತುಂಬಿಕೊಂಡು ಬಹಳ ಶಾಣೇಕಿ ಕೆಲಸ ಮಾಡಿದೆ ಅಂತ ಆಯಿಯ ಮುಂದೆ ಸುರಿದೆ. ಆಯಿ ಬೈಯಲಿಲ್ಲ. “ಒಯ್ದು ಅಲ್ಲೇ ಚೆಲ್ಲಿ ಬಾ. ಅದು ನಮ್ಮದಲ್ಲ,” ಅಂದಳು.

“ಮತ್ತ ಯಾರದು? ಹೊಲ ನಮ್ಮದಲ್ಲ?”

“ಹೊಲ ನಮ್ಮದು. ಬಿದ್ದದ್ದು ನಮ್ಮದಲ್ಲ.”

ಮರುದಿನ ಓಣಿಯ ಕೊನೆಯ ಮನೆಯ ಅವ್ವ ಬಂದಳು. ಕೊನೇಮನಿ ಅವ್ವ ಅಂತಲೇ ನಾವು ಕರೀತಿದ್ದದ್ದು. ಜೊತೆಗೆ ಇನ್ನಿಬ್ಬರು ಹೆಂಗಸರು, ಎರಡು ಮಕ್ಕಳು. ಅವರು ಎರಡು ದಿನ ಹಕ್ಕಲಾಯ್ದು ಮುಗಿಸುವ ತನಕ ನಮ್ಮ ದನ ಆ ಹೊಲಕ್ಕೆ ಬಿಡ್ತಿರಲಿಲ್ಲ. ಮೊದಲು ಮಂದಿ, ಆಮೇಲೆ ದನ, ಆಮೇಲೆ ಉಳಿದಿದ್ದರೆ ಹಕ್ಕಿ. ಸಂಜೆಗೆ ಅವ್ವನ ಉಡಿಯಲ್ಲಿ ಎರಡು ಮೂರು ಸೇರು ಕಾಳಾಗುವಷ್ಟು ತೆನೆ.

ಈ ವಿಷಯ ನನಗೆ ಎಷ್ಟೋ ವರ್ಷದ ಮೇಲೆ ಹೊಳೀತು. ಅದೇ ಅವ್ವ ಮಜ್ಜಿಗೆಗೆ ಅಂತ ನಮ್ಮ ಮನೆಗೆ ಬಂದರೆ ಹೊಸ್ತಿಲ ಹೊರಗೇ ನಿಂತು ‘ಯವ್ವಾ’ ಅಂತ ಕೂಗಬೇಕಿತ್ತು. ಮೇಲಿನಿಂದ ಪಾತ್ರೆಗೆ ಹೊಯ್ತಿದ್ದರು. ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೊಲದಲ್ಲಿ ಮಾತ್ರ ಅವಳು ಯಾರನ್ನೂ ಕೂಗ್ತಿರಲಿಲ್ಲ, ಕೇಳ್ತಿರಲಿಲ್ಲ. ನೇರ ಬಂದು ಬಗ್ಗಿ ಆರಿಸ್ತಿದ್ದಳು. ಆಯಿ ಬದುವಿನ ಮೇಲೆ ಕೂತಿದ್ದರೂ ಇಬ್ಬರೂ ಅದರ ಬಗ್ಗೆ ಮಾತೇ ಆಡ್ತಿರಲಿಲ್ಲ. ಮಜ್ಜಿಗೆ ಆಯಿ ಕೊಟ್ಟದ್ದು. ಹಕ್ಕಲು ಆಯಿ ಕೊಟ್ಟದ್ದಲ್ಲ.

ದಾನಕ್ಕೂ ಹಕ್ಕಿಗೂ ಇರುವ ಈ ವ್ಯತ್ಯಾಸವನ್ನ ಬಹಳ ಹಿಂದೆಯೇ ಕೂತು ಬರೆದಿಟ್ಟವರು ಯಹೂದಿಗಳು. ಹೊಲದ ಮೂಲೆಯನ್ನ ಪೂರ್ತಿ ಕೊಯ್ಯಬೇಡ, ಬಿದ್ದ ತೆನೆ ಆರಿಸಬೇಡ, ಬಡವರಿಗೂ ಪರದೇಶಿಗೂ ಬಿಡು ಅನ್ನುವ ನಿಯಮ ಬೈಬಲ್ಲಿನ ಹಳೆ ಒಡಂಬಡಿಕೆಯ ಯಾಜಕಕಾಂಡದಲ್ಲಿದೆ. ವಿಧವೆ ರೂತಳು ಬೆತ್ಲೆಹೇಮಿನಲ್ಲಿ ಬೋವಜನ ಹೊಲದ ಹಕ್ಕಲಾಯ್ದು ಅತ್ತೆಯನ್ನ ಸಾಕಿದ್ದು ಈ ನಿಯಮದ ನೆರಳಲ್ಲೇ, ಮೊದಲು ಜವೆ ಸುಗ್ಗಿ, ಆಮೇಲೆ ಗೋಧಿ ಸುಗ್ಗಿ. ಮುಂದೆ ಅವರ ಮಿಷ್ನಾ ಗ್ರಂಥದಲ್ಲಿ ಇದರ ಲೆಕ್ಕವೇ ಇದೆ. ಮೂಲೆ ಅಂದರೆ ಹೊಲದ 60ರಲ್ಲಿ ಒಂದು ಪಾಲಿಗೆ ಕಡಿಮೆ ಇರಬಾರದು. ಒಟ್ಟಿಗೆ ಎರಡು ತೆನೆ ಬಿದ್ದರೆ ಬಡವರದು, ಮೂರು ಬಿದ್ದರೆ ಮಾಲೀಕನದು. (ನಮ್ಮಲ್ಲಿ ಯಾರಾದರೂ ಹೀಗೆ ತೆನೆ ಎಣಿಸಲು ಹೋಗಿದ್ದರೆ ಆಯಿ ನಗ್ತಿದ್ದಳು.) ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ನಿಯಮ. ಯಾವ ಬಡವರು ಆರಿಸಬೇಕು ಅಂತ ಮಾಲೀಕ ಗೊತ್ತುಮಾಡುವ ಹಾಗಿಲ್ಲ. ತನಗೆ ಬೇಕಾದವಳನ್ನ ಕರೆದು ‘ನೀ ಬಾ’, ಬೇಡಾದವಳಿಗೆ ‘ನೀ ಹೋಗು’ ಅನ್ನುವ ಹಾಗಿಲ್ಲ. ಆ ಅಧಿಕಾರ ಕೊಟ್ಟರೆ ಅದು ದಾನವಾಗುತ್ತೆ, ಪಡೆದವಳು ಋಣಿಯಾಗ್ತಾಳೆ.

ನಮ್ಮ ಕಡೆಯ ಹಳೆಯ ಪುಸ್ತಕಗಳಿಗೂ ಇದು ಗೊತ್ತಿತ್ತು. ಬಿದ್ದ ಕಾಳು ಆಯ್ದು ಬದುಕುವುದಕ್ಕೆ ಉಂಛವೃತ್ತಿ ಅಂತ ಹೆಸರು. ಮನುಸ್ಮೃತಿ ಅದನ್ನ ‘ಋತ’ ಅಂತಲೂ, ಬೇಡಿ ಪಡೆದದ್ದನ್ನ ‘ಮೃತ’ ಅಂತಲೂ ಕರೆಯುತ್ತೆ. ಮಹಾಭಾರತದಲ್ಲಿ ಧರ್ಮರಾಯನ ಅಶ್ವಮೇಧ ಮುಗಿದಾಗ ಅರ್ಧ ಮೈ ಚಿನ್ನವಾದ ಮುಂಗುಸಿ ಬಂದು, ಕುರುಕ್ಷೇತ್ರದಲ್ಲಿ ಉಂಛವೃತ್ತಿಯ ಬ್ರಾಹ್ಮಣ ಕೊಟ್ಟ ಒಂದಿಷ್ಟು ಹಿಟ್ಟಿಗೆ ನಿನ್ನ ಯಾಗ ಸಮವಲ್ಲ ಅಂತ ಹೇಳಿ ಹೋಗುತ್ತೆ. ಚೆಂದದ ಕಥೆ. ಆದರೆ ಆ ಬ್ರಾಹ್ಮಣ ಬಗ್ಗಿ ಆಯ್ದರೆ ಅದು ತಪಸ್ಸು, ಕೊನೇಮನಿ ಅವ್ವ ಬಗ್ಗಿ ಆಯ್ದರೆ ಅದು ಬಡತನ. ಬಗ್ಗಿದ ಸೊಂಟ ಎರಡೂ ಒಂದೇ. ಅವನ ಮುಂದೆ ಆರಿಸಿಕೊಳ್ಳಲು ಬೇರೆ ಬದುಕುಗಳಿದ್ದವು, ಇವಳ ಮುಂದೆ ಇರಲಿಲ್ಲ.

ಕಲ್ಯಾಣದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಇದಕ್ಕಿಂತ ನನಗೆ ಹತ್ತಿರ. ಹೆಸರಲ್ಲೇ ಇದೆ, ಆಯ್ದ ಅಕ್ಕಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡ್ತಿದ್ದ ದಂಪತಿ. ಒಂದು ದಿನ ಮಾರಯ್ಯ ದಿನದ ಪಾಲಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಇಷ್ಟೊಂದು ನಮಗ್ಯಾಕೆ, ಇದು ಆಸೆ, ಎಲ್ಲಿ ತಂದೆಯೋ ಅಲ್ಲೇ ಹಾಕಿ ಬಾ ಅಂತ ತಿರುಗಿ ಕಳಿಸಿದಳು ಅನ್ನುವ ಕಥೆ ಶಾಲೆಯಲ್ಲೇ ಕೇಳಿರ್ತೀವಿ. ಸಾಮಾನ್ಯವಾಗಿ ಇದನ್ನ ಬಡವರಿಗೂ ದುರಾಸೆ ಬೇಡ ಅನ್ನೋ ಪಾಠವಾಗಿ ಹೇಳ್ತಾರೆ. ನನಗೆ ಅದು ಸರಿ ಕಾಣಲ್ಲ. ತಾನೇ ಆಯ್ದು ಉಣ್ಣುವವಳು ತನ್ನ ಗಂಡನಿಗೆ ಆ ಮಾತು ಹೇಳಬಹುದು. ತಿಂಗಳ ಸಂಬಳದ ನಾನು ಅದನ್ನ ಹೌಸ್‌ಕೀಪಿಂಗ್ ಅಕ್ಕನಿಗೆ ಹೇಳಲಾರೆ. ಲಕ್ಕಮ್ಮನ ಪ್ರಶ್ನೆಯನ್ನ ಯಾರಿಗಾದರೂ ಕೇಳಬೇಕಿದ್ದರೆ ಅದು ನನಗೆ: ಎಷ್ಟು ಬಳಿದುಕೊಳ್ತೀ?

ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಕೋರ್ಟಿಗೇ ಹೋಯ್ತು. ಸಫೋಕ್ ಜಿಲ್ಲೆಯ ಟಿಮ್‌ವರ್ತ್ ಅನ್ನುವ ಹಳ್ಳಿಯ ಮೇರಿ ಹೌಟನ್ ಎಂಬಾಕೆ ಸ್ಟೀಲ್ ಅನ್ನುವ ಜಮೀನ್ದಾರನ ಹೊಲದಲ್ಲಿ ಹಕ್ಕಲಾಯ್ದಳು. ಅತಿಕ್ರಮಣ ಅಂತ ಆತ ದಾವೆ ಹಾಕಿದ. ಹಕ್ಕಲಾಯುವುದು ಬಡವರ ಹಕ್ಕಲ್ಲ, ಮಾಲೀಕನ ದಯೆ ಅಷ್ಟೇ ಅಂತ 1788ರಲ್ಲಿ ಬಹುಮತದ ತೀರ್ಪು ಬಂತು. ಒಬ್ಬ ನ್ಯಾಯಮೂರ್ತಿ ಒಪ್ಪಲಿಲ್ಲ. ತಮಾಷೆ ಅಂದರೆ, ತೀರ್ಪಿನ ಮೇಲೂ ಎಷ್ಟೋ ಹಳ್ಳಿಗಳಲ್ಲಿ ಜನ ಹಕ್ಕಲಾಯ್ತಲೇ ಇದ್ದರು. ಚರ್ಚಿನ ಗಂಟೆ ಹೊಡೆದ ಮೇಲೆ ಎಲ್ಲರೂ ಒಟ್ಟಿಗೆ ಹೊಲಕ್ಕಿಳಿಯುವ ಪದ್ಧತಿ ಮುಂದೆ ನೂರು ವರ್ಷ ಅಲ್ಲಲ್ಲಿ ನಡೀತು. ಕಾನೂನು ದಯೆ ಅಂದಿತು, ಜನ ಹಕ್ಕು ಅಂತಲೇ ನಡೆದುಕೊಂಡರು.

ಗೋಧಿಯ ಕಡೆಯಿಂದ ನೋಡಿದರೆ ಮಾಲೀಕ ಅನ್ನುವವನೇ ಹೊಸಬ. ಕಾಡುಗೋಧಿಯ ತೆನೆ ಮಾಗಿದ ಕೂಡಲೇ ತಾನಾಗಿ ಮುರಿದು ನೆಲಕ್ಕೆ ಬೀಳುತ್ತೆ. ಬೀಳದಿದ್ದರೆ ಮುಂದಿನ ವರ್ಷ ಹುಟ್ಟುವುದು ಹೇಗೆ? ಸುಮಾರು 10,000 ವರ್ಷಗಳ ಹಿಂದೆ, ಇವತ್ತಿನ ಟರ್ಕಿ, ಸಿರಿಯಾ ಕಡೆ ಜನ ಅದನ್ನ ಕೊಯ್ದು ತಂದು ಬಿತ್ತಲು ಶುರು ಮಾಡಿದರು. ಎಲ್ಲೋ ಒಂದೊಂದು ಗಿಡದಲ್ಲಿ ತೆನೆ ಮುರಿಯದೇ ನಿಲ್ಲುವ ದೋಷ ಇತ್ತು. ಗಿಡಕ್ಕೆ ಅದು ದೋಷ, ಕೊಯ್ಯುವವರಿಗೆ ವರ. ಬಿದ್ದವು ಬಿದ್ದುಹೋದವು, ನಿಂತವು ಮನೆಗೆ ಬಂದವು, ಬಂದದ್ದೇ ಮತ್ತೆ ಬೀಜವಾಯ್ತು. ಹೀಗೆ ನೂರಾರು ತಲೆಮಾರು ನಡೆದು ಈಗಿನ ಗೋಧಿ ಮಾಲೀಕನಿಗಾಗಿ ಕಾಯ್ತಾ ನಿಲ್ಲುವ ಬೆಳೆ ಆಯ್ತು. ಅಂದರೆ ಮೊದಲು ಗೋಧಿಯೆಲ್ಲಾ ಹಕ್ಕಲೇ ಆಗಿತ್ತು, ಇಲಿಗೆ, ಇರುವೆಗೆ, ಹಕ್ಕಿಗೆ, ಮಣ್ಣಿಗೆ. ‘ನನ್ನ ಬೆಳೆ’ ಅನ್ನುವ ಮಾತು ಆಡಲಿಕ್ಕೆ ಆಗಿದ್ದೇ ತೆನೆ ಬೀಳುವುದನ್ನ ನಿಲ್ಲಿಸಿದ ಮೇಲೆ. ಆದರೂ ಪೂರ್ತಿ ನಿಲ್ಲಿಸಲಿಲ್ಲ, ಬಿಸಿಲೇರಿದರೆ ಈಗಲೂ ಬೀಳುತ್ತೆ. ಆಯಿಯ ಕಾಯಿದೆ ಇದ್ದದ್ದು ಆ ಉಳಿದ ಚೂರಿನ ಮೇಲೆ.

ಆಮೇಲೆ ಕಂಬೈನ್ ಹಾರ್ವೆಸ್ಟರ್ ಬಂತು. ಕೊಯ್ಯಲಿಕ್ಕೆ ಆಳು ಸಿಗಲ್ಲ, ಸಿಕ್ಕರೆ ಕೂಲಿ ಪೂರೈಸಲ್ಲ ಅಂತ ಅಪ್ಪ ಏಳೆಂಟು ವರ್ಷದ ಹಿಂದೆ ತಾಸಿನ ಬಾಡಿಗೆಗೆ ಮಷಿನ್ ತರಿಸಿದ. ದೂರದ ಪಂಜಾಬಿನಿಂದ ಊರೂರು ಕೊಯ್ತಾ ಬಂದವರು. ಎಂಟು ದಿನದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗೀತು. ನಾನು ರಜೆಗೆ ಹೋಗಿದ್ದೆ. ಸಂಜೆ ಹೊಲದಲ್ಲಿ ತಿರುಗಾಡಿದರೆ ಒಂದು ತೆನೆ ಇಲ್ಲ.

ಯಂತ್ರ ಏನನ್ನೂ ಬಿಡುವುದಿಲ್ಲ ಅಂತ ಅಂದುಕೊಂಡೆ. ಅದು ತಪ್ಪು. ಚೆನ್ನಾಗಿ ಹೊಂದಿಸಿದ ಮಷಿನ್ನಿನಲ್ಲೂ ನೂರಕ್ಕೆ ಎರಡೋ ಮೂರೋ ಪಾಲು ಕಾಳು ಹೊಲದಲ್ಲೇ ಉಳಿಯುತ್ತೆ. ಆದರೆ ತೆನೆಯಾಗಿ ಉಳಿಯುವುದಿಲ್ಲ. ಒಳಗೇ ಒಕ್ಕಿ, ತೂರಿ, ಬಿಡಿ ಕಾಳಾಗಿ ಹೊಟ್ಟಿನ ಜೊತೆ ಹಿಂದಿನಿಂದ ಉದುರುತ್ತೆ. ಫೆಬ್ರುವರಿ ಹೊತ್ತಿಗೆ ಎರೆ ನೆಲ ಬಿರಿದಿರುತ್ತೆ, ಕೈ ತೂರುವಷ್ಟು ಬಿರುಕು, ಕಾಳು ಅದರಲ್ಲಿ ಇಳಿದು ಹೋಗುತ್ತೆ. ತೆನೆಯಾದರೆ ಬಗ್ಗಿ ಎತ್ತಬಹುದು, ಹೊಟ್ಟಿನ ನಡುವಿನ ಬಿಡಿ ಕಾಳನ್ನ ಯಾವ ಅವ್ವನೂ ಆರಿಸಲಾರಳು. ನಷ್ಟ ಹೋಗಲಿಲ್ಲ, ನಷ್ಟದಲ್ಲಿ ಇನ್ನೊಬ್ಬರಿಗಿದ್ದ ಪಾಲು ಹೋಯ್ತು. ನನ್ನ ಕ್ಯಾಂಟೀನಿನಲ್ಲೂ ದಿನಾ 7 ಕೆಜಿ ಈಗಲೂ ಚೆಲ್ತಾರೆ, ಗೊತ್ತೇನು? ಅದು ತಟ್ಟೆಯಲ್ಲಿ ಬಿಟ್ಟ ಎಂಜಲು. ಕೌಂಟರಿನಲ್ಲಿ ಮುಟ್ಟದೇ ಉಳೀತಿದ್ದದ್ದು ಮಾತ್ರ ನಿಂತಿದೆ.

ಈ ದುಃಖವನ್ನ ಆ ಸಲ ಊರಲ್ಲೇ ಒಬ್ಬರ ಮುಂದೆ ತೋಡಿಕೊಂಡೆ. ಕೊನೇಮನಿ ಅವ್ವನ ಮಗಳು. ಅವ್ವ ತೀರಿಕೊಂಡು ಬಹಳ ವರ್ಷ ಆಗಿತ್ತು. ಮಗಳು ಅಂಗನವಾಡಿಯಲ್ಲಿ ಸಹಾಯಕಿ. ಮಷಿನ್ ಬಂದು ಹಕ್ಕಲು ಹೋಯ್ತಲ್ಲ ಅಕ್ಕಾ, ಅಂದೆ. ಅವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

“ಹೋದರ ಹೋಗ್ಲಿ ಬಿಡ್ರಿ. ಬದುವಿನ ಮ್ಯಾಲೆ ಕುಂತು ನೋಡಿದವರಿಗೆ ಅದು ಚಂದ ಕಾಣ್ತದ. ನಮ್ಮವ್ವನ ಸೊಂಟ ಕಡೀತನಕ ನೆಟ್ಟಗಾಗಲಿಲ್ಲ. ನಿಮ್ಮ ಆಯಿ ಬಿದ್ದ ತೆನಿ ಬಿಟ್ಟಳು, ಖರೆ. ಕೂಲಿ ಎಷ್ಟು ಕೊಡ್ತಿದ್ದಳು ಕೇಳೀರೇನು?”

ಕೇಳಿರಲಿಲ್ಲ. ಮನೆಗೆ ಬಂದು ಅಪ್ಪನನ್ನ ಕೇಳಿದೆ. ಅವನು ಹೇಳಿದ ಲೆಕ್ಕ ಇಲ್ಲಿ ಬರೆಯಲಿಕ್ಕೆ ನನಗೆ ನಾಚಿಕೆ. ಉಡಿಯಲ್ಲಿ ಒಯ್ದ ಆ ಮೂರು ಸೇರು ಸೇರಿಸಿದರೂ ನ್ಯಾಯದ ಕೂಲಿ ಆಗ್ತಿರಲಿಲ್ಲ. ಆಯಿ ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಿಂದ ಚೂರು ಉದುರಿಸ್ತಿದ್ದಳು ಅಂತ ಯಾರಾದರೂ ಅಂದರೆ ನಾನು ವಾದ ಮಾಡಲಾರೆ. ಈಗ ಆ ಅಕ್ಕನ ಮನೆಗೆ ರೇಷನ್ ಅಕ್ಕಿ ಬರುತ್ತೆ. 2013ರ ಆಹಾರ ಭದ್ರತಾ ಕಾಯಿದೆ ಪ್ರಕಾರ ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ, ದಯೆಯಿಂದ ಅಲ್ಲ, ಕಾನೂನಿನಿಂದ. ಯಾರ ಹೊಲದಲ್ಲೂ ಬಗ್ಗಬೇಕಿಲ್ಲ. 1788ರ ಆ ಕೋರ್ಟು ಇಲ್ಲ ಅಂದ ಹಕ್ಕು ಇದು, ಬೇರೆ ರೂಪದಲ್ಲಿ ಬಂದಿದೆ. ಇದನ್ನ ಬಿಟ್ಟು ಹಕ್ಕಲಿನ ಕಾಲವೇ ಚೆನ್ನಾಗಿತ್ತು ಅನ್ನುವವರ ಜೊತೆ ನಾನಿಲ್ಲ.

ಆದರೂ ಆಯಿಯ ಮಾತು ಪೂರ್ತಿ ಕೈಬಿಡಲಿಕ್ಕೆ ಮನಸ್ಸು ಬರ್ತಿಲ್ಲ. ಯಾಕೆ ಅಂದರೆ ಅದರಲ್ಲಿ ಕೊಡುವ ಮಾತಿಲ್ಲ, ಬಿಡುವ ಮಾತಿದೆ. ಕೊಡೋದು ನಮಗೆಲ್ಲಾ ಬರುತ್ತೆ. ಆಫೀಸಿನಲ್ಲಿ ವರ್ಷಕ್ಕೊಮ್ಮೆ ದಾನದ ವಾರ ಇರುತ್ತೆ, ಟೀಶರ್ಟ್ ಹಾಕಿಕೊಂಡು ಫೋಟೋ ತೆಗೆಸಿಕೊಳ್ತೀವಿ. ಬಿಡೋದಕ್ಕೆ ನಮಗೆ ತರಬೇತಿಯೇ ಇಲ್ಲ. ಮಿಕ್ಕಿದ್ದು ಎಲ್ಲೇ ಇರಲಿ ಅದನ್ನ ಹುಡುಕಿ, ಅಳೆದು, ಮುಚ್ಚು ಅನ್ನುವುದೇ ನಮ್ಮ ಕೆಲಸ. ಕ್ಯಾಬ್ ಡ್ರೈವರ್ ಎರಡು ಟ್ರಿಪ್ಪಿನ ನಡುವೆ ಕಣ್ಣು ಮುಚ್ಚುವ ಹತ್ತು ನಿಮಿಷ, ಡೆಲಿವರಿ ಹುಡುಗ ಚಹಾ ಕುಡಿಯುವ ಸಮಯ, ಅಂಗಡಿಯವನು ಚೀಲ ಕಟ್ಟುವಾಗ ಮೇಲೆ ಹಾಕುವ ಒಂದು ಹಿಡಿ ಕೊಸರು, ಎಲ್ಲವೂ ಯಾವುದೋ ಶೀಟಿನಲ್ಲಿ ಲೀಕೇಜ್. ಆ ಲೀಕೇಜಿನಲ್ಲಿ ಯಾರಾದರೂ ಬದುಕ್ತಿದ್ದಾರಾ ಅಂತ ನೋಡುವ ಕಾಲಮ್ ಇಲ್ಲ. ನೋಡಿದ ಮೇಲೂ ಮುಚ್ಚಬೇಕಾಗಿ ಬರಬಹುದು, ಕೂಲಿ ಸರಿಯಾಗಿ ಕೊಟ್ಟು ಮುಚ್ಚುವುದೇ ನ್ಯಾಯ ಇರಬಹುದು. ನಾನು ನೋಡದೇ ಮುಚ್ಚಿದೆ, ಕೂಲಿಯನ್ನೂ ಮುಟ್ಟಲಿಲ್ಲ. ಕಂಬೈನ್ ತಂದ ಅಪ್ಪನಿಗೆ ಕನಿಷ್ಠ ಆಳು ಸಿಗದ ಕಾರಣ ಇತ್ತು.

ಅಕ್ಕನಿಗೆ ಏನು ಮಾಡಿದೆ ಅಂತ ಕೇಳ್ತೀರಿ. ಮಾಡೆಲ್ ತೆಗೆದು ನೋಡಿದೆ. ತಪ್ಪು ಬಹಳ ಸರಳ ಇತ್ತು. ಹೆಡ್‌ಕೌಂಟಿನಲ್ಲಿ ಆ 38 ಜನ ಇರಲೇ ಇಲ್ಲ. ಅವರ ಕಾರ್ಡು ಬೇರೆ ಬಣ್ಣದ್ದು, ಕಾಂಟ್ರ್ಯಾಕ್ಟರಿನದು, ನನ್ನ ಡೇಟಾದಲ್ಲಿ ಬರುವುದೇ ಇಲ್ಲ. ಇವರನ್ನೂ ಸೇರಿಸಿ ಅಡುಗೆ ಮಾಡಿಸಿ, ಉಳಿದದ್ದಲ್ಲ, ಲೆಕ್ಕದ ಊಟ ಅಂತ ಮೇಲ್ ಹಾಕಿದೆ. ಎರಡು ಮೀಟಿಂಗ್ ಆಯ್ತು. ಊಟ ಅವರ ಕಾಂಟ್ರ್ಯಾಕ್ಟರಿನ ಜವಾಬ್ದಾರಿ, ನಾವು ಕೊಟ್ಟರೆ ನಾಳೆ ಬೇರೆ ಪ್ರಶ್ನೆ ಬರ್ತಾವೆ ಅಂದರು. ಹಾಗಾದರೆ ಮೊದಲಿನ ಹಾಗೆ ಸ್ವಲ್ಪ ಹೆಚ್ಚಿಗೆ ಮಾಡಿಸಿ ಸುಮ್ಮನಿರೋಣವಾ ಅಂದೆ. ಅದು ವೇಸ್ಟ್ ಆಗುತ್ತಲ್ಲ, ನಿಮ್ಮ ಪ್ರಾಜೆಕ್ಟೇ ಅಲ್ವಾ ಅದು, ಅಂತ ಒಬ್ಬರು ನಕ್ಕರು. ನಾನೂ ನಕ್ಕೆ. ಮೂರನೇ ಮೀಟಿಂಗ್ ಇನ್ನೂ ಆಗಿಲ್ಲ. ಅಕ್ಕ ಈಗ ಡಬ್ಬಿ ತರ್ತಾರೆ. ಚಪಾತಿ ವಿಷಯ ಮತ್ತೆ ಎತ್ತಿಲ್ಲ.

ಈ ಫೆಬ್ರುವರಿಯಲ್ಲಿ ಕೊಯ್ಲಿಗೆ ಊರಿಗೆ ಹೋಗಿದ್ದೆ. ಮಷಿನ್ ದೊಡ್ಡದು, ನಮ್ಮ ಹೊಲ ಸಣ್ಣದು, ಮೂಲೆಗಳಲ್ಲಿ ತಿರುಗಲು ಆಗಲ್ಲ. ನಾಲ್ಕೂ ಮೂಲೆಯಲ್ಲಿ ಒಂದೊಂದು ತುಂಡು ಗೋಧಿ ಕೊಯ್ಯದೇ ನಿಂತಿರುತ್ತೆ. ಅಪ್ಪ ಪ್ರತಿ ವರ್ಷ ಒಬ್ಬ ಆಳು ಹಚ್ಚಿ ಅದನ್ನ ಕೈಯಲ್ಲಿ ಕೊಯ್ಸ್ತಾನೆ. ಈ ಸಲ ನಾನು, ಬಿಡು ಅಪ್ಪಾ, ಅಂದೆ. ಯಾಜಕಕಾಂಡದ ಕಥೆ ಎಲ್ಲಾ ಹೇಳಲಿಲ್ಲ, ಆಯಿ ಇದ್ದಿದ್ದರೆ ಬಿಡ್ತಿದ್ದಳು ಅಂದೆ ಅಷ್ಟೇ.

“ಬಿಟ್ಟರ ಯಾರ ಬರ್ತಾರವಾ ಈಗ? ಹಂದಿ ತಿಂದು ಹೋಗ್ತಾವ.”

“ತಿನ್ಲಿ.”

ಕೊಯ್ಯುವ ಆಳಿನ ಕೂಲಿಗೂ ಆ ಗೋಧಿಗೂ ಅಂಥ ವ್ಯತ್ಯಾಸ ಇರಲಿಲ್ಲವೋ, ಮಗಳು ಅಪರೂಪಕ್ಕೆ ಬಂದು ಏನೋ ಕೇಳ್ತಾಳೆ ಅಂತಲೋ, ಬಿಟ್ಟ.

ನಾನು ವಾಪಸ್ ಬಂದ ಹನ್ನೆರಡನೇ ದಿನ ಫೋನ್ ಬಂತು. ಕುರಿ ಹಿಂಡಿನವರು ಆ ಕಡೆ ಬಂದು ಪಕ್ಕದ ಹೊಲದಲ್ಲಿ ಕುರಿ ನಿಲ್ಲಿಸಿದ್ದರಂತೆ. ಅವರ ಹೆಣ್ಣುಮಗಳೊಬ್ಬಳು ಕೂಸನ್ನ ಬೆನ್ನಿಗೆ ಕಟ್ಟಿಕೊಂಡು ಬಂದು, ಕುಡಗೋಲಿನಿಂದ ನಾಲ್ಕೂ ಮೂಲೆ ಚೊಕ್ಕ ಕೊಯ್ದು, ತಾಡಪತ್ರಿ ಹಾಸಿ ಅಲ್ಲೇ ಬಡಿದು, ತೂರಿ, ಚೀಲಕ್ಕೆ ತುಂಬಿಕೊಂಡಳಂತೆ. ಅಪ್ಪ ಬದುವಿನ ಮೇಲೆ ನಿಂತು ನೋಡ್ತಿದ್ದ.

“ಏನಂದಿ ಅಪ್ಪಾ ಅವಳಿಗೆ?”

“ಯಾರನ್ನ ಕೇಳಿ ಕೊಯ್ದೀ ಅಂತ ಬಾಯಿ ತನಕ ಬಂದಿತ್ತು,” ಅಂದ. “ಆಕಿ ನನ್ನ ಕಡೆ ನೋಡ್ಲೂ ಇಲ್ಲ. ಚೀಲ ಹೊತಗೊಂಡು ಹೋದಳು.”